ಕೆಂಪು ಕಣದ ಹುಟ್ಟುಕೊರತೆಯೂ ಗರ್ಭಿಣಿಯ ಆರೈಕೆಯೂ

ಹಾಸನದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ಸಕಲೇಶಪುರ. ಅಲ್ಲಿಂದಾಚೆಗೆ ನೆಲವು ಘಟ್ಟದ ಅಂಚಿನವರೆಗೂ ಏರುತ್ತ ಇಳಿಯುತ್ತ ಹೋಗುತ್ತದೆ. ಗುಡ್ಡದ ಮೈಯಲ್ಲಿ ಕಾಫಿ, ಏಲಕ್ಕಿ, ಮೆಣಸು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಬತ್ತದ ಗದ್ದೆ. ಹೆಗ್ಗದ್ದೆ ಎಂಬ ಊರ ಹೆಸರೇ ಈ ನೆಲದ ರೂಪವನ್ನು ಹೇಳುತ್ತದೆ: ಹಿರಿದಾದ ಗದ್ದೆ. ಆಲೂರು ಸೀಮೆಯ ಗುಡ್ಡಗಳೂ ಇದೇ ಬಳಗಕ್ಕೆ ಸೇರಿದವು.

ಇಲ್ಲಿಯ ಮಳೆಗಾಲವನ್ನು ಕಂಡವರಿಗೆ ಒಂದು ಮಾತು ಗೊತ್ತು. ಆಷಾಢ ಶ್ರಾವಣಗಳಲ್ಲಿ ಬಿಸಿಲನ್ನೇ ಕಾಣದ ಬಟ್ಟೆಗೆ ಬೂಸು ಹಿಡಿಯುತ್ತದೆ, ನುಸಿ ಹತ್ತುತ್ತದೆ. ಆದುದರಿಂದ ಒಳ್ಳೆಯ ಬಟ್ಟೆಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು, ಮಡಿಕೆಗಳ ನಡುವೆ ನಾಲ್ಕಾರು ನುಸಿಗುಳಿಗೆಗಳನ್ನು ಹಾಕಿ ಮುಚ್ಚುವುದು ರೂಢಿ. ಮಗಳು ಹೆರಿಗೆಗಾಗಿ ತವರಿಗೆ ಬಂದಾಗ ಆ ಪೆಟ್ಟಿಗೆ ತೆರೆಯುತ್ತದೆ. ಕೂಸಿನ ಎಳೆಯ ಮೈಗೆ ಹೊಸ ಬಟ್ಟೆ ಒರಟು. ಅಜ್ಜಿಯ ಹಳೆಯ ಹತ್ತಿಯ ಸೀರೆಯೇ ಮೆತ್ತಗೆ. ಎಣ್ಣೆ ಹಚ್ಚಿ ನೀರೆರೆದ ಕೂಸನ್ನು ಅದರಲ್ಲಿ ಸುತ್ತಿ ಮಲಗಿಸುತ್ತಾರೆ. ಬಹುಪಾಲು ಮನೆಗಳಲ್ಲಿ ಇದರಿಂದ ಯಾವ ತೊಂದರೆಯೂ ಕಾಣಿಸದು. ಆದರೆ ಎಲ್ಲೋ ಒಂದು ಮನೆಯಲ್ಲಿ ಮೂರನೆಯ ಇಲ್ಲವೆ ನಾಲ್ಕನೆಯ ದಿನ ಕೂಸಿನ ಕಣ್ಣು ಹಳದಿಯಾಗುತ್ತದೆ. ಅದು ಹಾಲು ಕುಡಿಯಲೊಲ್ಲದು, ಎಬ್ಬಿಸಿದರೆ ಏಳದು. ದೃಷ್ಟಿಯಾಯಿತೆಂದು ಕೆಲವರು, ತಾಯಿಯ ಪಥ್ಯ ಕೆಟ್ಟಿತೆಂದು ಕೆಲವರು ಹೇಳುತ್ತಾರೆ. ಕಾರಣವೋ ಬೇರೆಯೇ. ಅದು ಕೂಸಿನ ರಕ್ತಕಣದೊಳಗೆ, ಹುಟ್ಟುವುದಕ್ಕೆ ಮೊದಲೇ ಬರೆದಿಟ್ಟಂತೆ ಇದ್ದ ಒಂದು ಕೊರತೆ. ನುಸಿಗುಳಿಗೆಯ ಆವಿ ಅದನ್ನು ಬಯಲಿಗೆಳೆಯಿತು, ಅಷ್ಟೆ.

ಈ ಕೊರತೆಗೆ ವಿಜ್ಞಾನಿಗಳು ಕೊಟ್ಟ ಹೆಸರು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಕೊರತೆ. ಹೆಸರು ಉದ್ದ, ಚಿಕ್ಕದಾಗಿ ಜಿ6ಪಿಡಿ ಕೊರತೆ ಎನ್ನೋಣ. ಮಾನವರಲ್ಲಿ ಕಾಣುವ ಆನುವಂಶಿಕ ಕಿಣ್ವದೋಷಗಳಲ್ಲೆಲ್ಲ ಇದೇ ಹೆಚ್ಚು ವ್ಯಾಪಕವಾದುದು; ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಜನರಲ್ಲಿ ಇದು ಇರಬಹುದೆಂದು ಅಂದಾಜು. ಇದನ್ನು ಹೊತ್ತವರಲ್ಲಿ ಹೆಚ್ಚಿನವರು ಒಂದು ದಿನವೂ ಕಾಯಿಲೆ ಬೀಳದೆ ಬಾಳುತ್ತಾರೆ. ಹಾಗಿದ್ದೂ ಒಂದು ಗುಳಿಗೆ, ಒಂದು ವಾಸನೆ, ಒಂದು ಜ್ವರ ಅವರನ್ನು ಅಪಾಯಕ್ಕೆ ನೂಕಬಲ್ಲದು. ಬಸಿರು ಮತ್ತು ಬಾಣಂತನದ ಕಾಲದಲ್ಲಿ ಆ ಅಪಾಯ ಎರಡು ಜೀವಗಳಿಗೆ ಸಂಬಂಧಿಸಿದ್ದು. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಕಣದೊಳಗಿನ ಕಾವಲು

ರಕ್ತದ ಕೆಂಪು ಕಣವು ವಿಚಿತ್ರವಾದ ಜೀವಕೋಶ. ಬೆಳೆದ ಕಣದಲ್ಲಿ ಕೇಂದ್ರಬೀಜವಿಲ್ಲ; ಉಸಿರಾಟದ ಸೂಕ್ಷ್ಮಯಂತ್ರಗಳಾದ ಮೈಟೊಕಾಂಡ್ರಿಯಗಳೂ ಇಲ್ಲ. ಹೀಮೊಗ್ಲೋಬಿನ್ನನ್ನು ತುಂಬಿಕೊಂಡ ಒಂದು ಚೀಲವೆಂದೇ ಅದನ್ನು ಭಾವಿಸಬಹುದು. ಸುಮಾರು 120 ದಿನಗಳ ಆಯುಷ್ಯದಲ್ಲಿ ಅದು ಆಮ್ಲಜನಕವನ್ನು ಹೊತ್ತು ಹಗಲಿರುಳು ತಿರುಗುತ್ತದೆ. ಆದರೆ ಆಮ್ಲಜನಕವು ಕಬ್ಬಿಣಕ್ಕೆ ತುಕ್ಕು ಹಿಡಿಸುವ ವಸ್ತುವೆಂಬುದನ್ನು ನಾವು ಬಲ್ಲೆವು. ಅದನ್ನು ಹೊರುವ ಕಣಕ್ಕೂ ಒಂದು ಬಗೆಯ ತುಕ್ಕಿನ ಭಯ ಸದಾ ಇದ್ದೇ ಇದೆ. ಕೆಲವು ಔಷಧಗಳೂ ರಾಸಾಯನಿಕಗಳೂ ಈ ಉತ್ಕರ್ಷಣಕ್ರಿಯೆಯನ್ನು ಹಲವು ಮಡಿ ಹೆಚ್ಚಿಸುತ್ತವೆ.

ಈ ತುಕ್ಕನ್ನು ತಡೆಯುವ ಕಾವಲುಗಾರನ ಹೆಸರು ಗ್ಲುಟಾಥಯೋನ್. ಅಪಾಯಕರ ಅಣುಗಳನ್ನು ಎದುರಿಸಿ ನಿರಪಾಯಗೊಳಿಸುವಾಗ ಅದು ತಾನೇ ಉತ್ಕರ್ಷಣಗೊಂಡು ಬಳಲುತ್ತದೆ. ಮತ್ತೆ ಕೆಲಸಕ್ಕೆ ನಿಲ್ಲಬೇಕಾದರೆ ಅದಕ್ಕೆ ಹೈಡ್ರೋಜನ್ನನ್ನು ಒದಗಿಸಬೇಕು. ಒದಗಿಸುವ ವಸ್ತು ಎನ್.ಎ.ಡಿ.ಪಿ.ಎಚ್. ಎಂಬುದು. ಇತರ ಜೀವಕೋಶಗಳಲ್ಲಿ ಇದನ್ನು ತಯಾರಿಸಲು ಹಲವು ದಾರಿಗಳುಂಟು. ಕೆಂಪು ಕಣಕ್ಕಾದರೋ ಒಂದೇ ದಾರಿ: ಗ್ಲೂಕೋಸಿನ ಒಂದಂಶವನ್ನು ಪಕ್ಕದ ಕಾಲುವೆಗೆ ತಿರುಗಿಸಿ, ಅಲ್ಲಿ ಅದರಿಂದ ಹೈಡ್ರೋಜನ್ನನ್ನು ಸೆಳೆಯುವುದು. ಆ ಕಾಲುವೆಯ ತೂಬಿನ ಬಾಗಿಲೇ ಜಿ6ಪಿಡಿ ಕಿಣ್ವ.

ಈ ಕಿಣ್ವ ಸಾಲದಾದಾಗ ಸಾಮಾನ್ಯ ದಿನಗಳ ಕೆಲಸ ಹೇಗೋ ನಡೆಯುತ್ತದೆ. ಉತ್ಕರ್ಷಕ ವಸ್ತುವೊಂದು ರಕ್ತವನ್ನು ಸೇರಿದಾಗ ಮಾತ್ರ ಕಾವಲು ಕುಸಿಯುತ್ತದೆ. ಹೀಮೊಗ್ಲೋಬಿನ್ ಕೆಟ್ಟು ಹೆಪ್ಪುಗಟ್ಟಿ ಕಣದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಈ ಚುಕ್ಕೆಗಳಿಗೆ ಹೈನ್ಸ್ ಕಾಯಗಳೆಂದು ಹೆಸರು. ಇಂತಹ ಕಣಗಳು ಬಿರುಸಾಗಿ, ಗುಲ್ಮದ ಕಿರುದಾರಿಗಳಲ್ಲಿ ನುಸುಳಲಾರದೆ ಒಡೆಯುತ್ತವೆ. ಔಷಧ ಸೇವಿಸಿದ ಒಂದರಿಂದ ಮೂರು ದಿನಗಳೊಳಗೆ ರೋಗಿಯ ಮುಖ ಬಿಳಿಚುತ್ತದೆ, ಕಣ್ಣು ಹಳದಿಯಾಗುತ್ತದೆ, ಸೊಂಟ ನೋಯುತ್ತದೆ. ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಕಾಫಿ ಸೀಮೆಯವರು ಮರೆಯಲಾಗದ ಗುರುತಿದು.

ಒಂದು ಗುಳಿಗೆ ಹೇಳಿದ ಗುಟ್ಟು

ಈ ಸಂಗತಿ ಬೆಳಕಿಗೆ ಬಂದುದು ಚಳಿಜ್ವರದ ಔಷಧದಿಂದ. 1920ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಪ್ಲಾಸ್ಮೊಕಿನ್ ಎಂಬ ಮದ್ದನ್ನು ಕೊಟ್ಟಾಗ ಕೆಲವರ ರಕ್ತಕಣಗಳು ಒಡೆಯುವುದು ಕಂಡಿತ್ತು. ಅದರ ಬಳಗದ್ದೇ ಆದ ಪ್ರೈಮಾಕ್ವಿನ್ 1950ರ ದಶಕದಲ್ಲಿ ಬಳಕೆಗೆ ಬಂದಾಗಲೂ ಅದೇ ತೊಡಕು ಎದುರಾಯಿತು. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಸೆರೆಮನೆಯ ಕೈದಿಗಳ ಮೇಲೆ ಷಿಕಾಗೋ ವಿಶ್ವವಿದ್ಯಾಲಯದ ತಜ್ಞರು ಇದನ್ನು ಪರೀಕ್ಷಿಸಿದರು. ಸೆರೆಯಲ್ಲಿರುವವನ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆಯನ್ನು ಲೋಕವು ಆಮೇಲೆ ಕೇಳಿತು. ಅಂತಹ ಪ್ರಯೋಗಗಳನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೂ ಅಲ್ಲಿಯ ಒಂದು ಪ್ರಯೋಗದ ತರ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ದೋಷವಿರುವುದು ರಕ್ತಕಣದಲ್ಲಿಯೋ, ಅಥವಾ ಕಣಗಳು ತೇಲುವ ದ್ರವದಲ್ಲಿಯೋ, ಇತರ ಅಂಗಗಳಲ್ಲಿಯೋ? ಇದನ್ನು ತಿಳಿಯಲು 1954ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಣಗಳಿಗೆ ವಿಕಿರಣಶೀಲ ಕ್ರೋಮಿಯಮ್ಮಿನ ಗುರುತು ಹಾಕಿದರು. ಮದ್ದು ಒಗ್ಗದವನ ಕಣಗಳನ್ನು ಒಗ್ಗುವವನ ಮೈಗೆ ಸೇರಿಸಿ ಪ್ರೈಮಾಕ್ವಿನ್ ಕೊಟ್ಟರು. ಗುರುತಿನ ಕಣಗಳು ಒಡೆದವು. ಒಗ್ಗುವವನ ಕಣಗಳನ್ನು ಒಗ್ಗದವನ ಮೈಗೆ ಸೇರಿಸಿದರು, ಅವು ಉಳಿದವು. ಹೀಗೆ ದೋಷವು ಕಣದೊಳಗೇ ಇದೆಯೆಂಬುದು ನಿಶ್ಚಯವಾಯಿತು. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಅವರ ಸಹೋದ್ಯೋಗಿಗಳು ಆ ದೋಷ ಜಿ6ಪಿಡಿಯ ಕೊರತೆಯೆಂದು ತೋರಿಸಿದರು. ಅದೇ ದಶಕದಲ್ಲಿಯೇ, ನುಸಿಗುಳಿಗೆಯ ನ್ಯಾಫ್ತಲೀನಿನಿಂದ ರಕ್ತ ಒಡೆದ ಮಕ್ಕಳ ಕಣಗಳಲ್ಲಿಯೂ ಇದೇ ಬಗೆಯ ದೌರ್ಬಲ್ಯವಿದೆಯೆಂದು ತಿಳಿಯಿತು.

ನಮ್ಮ ದೇಶದಲ್ಲಿ ಈ ಕೊರತೆಯನ್ನು 1960ರ ದಶಕದ ಆದಿಯಲ್ಲಿ ಮುಂಬಯಿಯ ಸಂಶೋಧಕರು ಗುರುತಿಸಿದರು. ಭಾರತೀಯರಲ್ಲಿ ಮುಖ್ಯವಾಗಿ ಮೂರು ಪ್ರಭೇದಗಳು ಕಾಣುತ್ತವೆ: ಮೆಡಿಟರೇನಿಯನ್, ಕೇರಳ-ಕಲ್ಯಾಣ್ ಮತ್ತು ಒರಿಸ್ಸಾ. ಮೊದಲನೆಯದು ತೀವ್ರ, ಎಳೆಯ ಕಣಗಳಲ್ಲಿಯೂ ಕಿಣ್ವವು ತೀರ ಕಡಿಮೆ. ಉಳಿದೆರಡು ಅದಕ್ಕಿಂತ ಸೌಮ್ಯ.

ಮಲೆನಾಡೂ ಚಳಿಜ್ವರವೂ

ಹಾಸನದ ಗುಡ್ಡಗಾಡಿಗೂ ಈ ಕಥೆಗೂ ಏನು ಸಂಬಂಧ? ಸಂಬಂಧ ಚಳಿಜ್ವರದ್ದು. ಮಲೆನಾಡು ಒಂದು ಕಾಲಕ್ಕೆ ಮಲೇರಿಯಾದ ತವರೆನಿಸಿತ್ತು. ತಿಳಿನೀರಿನ ಮೆಲುಹರಿವಿನ ಹಳ್ಳಗಳಲ್ಲಿಯೂ ಒಸರುಗಳಲ್ಲಿಯೂ ಬೆಳೆಯುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಇಲ್ಲಿಯ ಮುಖ್ಯ ವಾಹಕ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನು ಆರಂಭಿಸಿದಾಗ, ಸಕಲೇಶಪುರಕ್ಕೆ ನೆರೆಯ ಮೂಡಿಗೆರೆಯೂ ಒಂದು ಕೇಂದ್ರವಾಯಿತು. ದೇಶದಲ್ಲಿ 1947ರ ಸುಮಾರಿಗೆ ವರ್ಷಕ್ಕೆ 7.5 ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರೆಂದು ಅಂದಾಜಿತ್ತು. ಡಿ.ಡಿ.ಟಿ.ಯ ಸಿಂಪಡಿಕೆ, 1953ರ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರ ನಿರ್ಮೂಲನ ಕಾರ್ಯಕ್ರಮ ಇವುಗಳಿಂದ 1965ರ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಅನಂತರ ಮತ್ತೆ ಏರಿ 1976ರಲ್ಲಿ 64 ಲಕ್ಷವನ್ನು ದಾಟಿತು, ಮರಳಿ ಇಳಿಯಿತು. ಇಂದು ಮಲೆನಾಡಿನಲ್ಲಿ ಮಲೇರಿಯಾ ವಿರಳ. ಆದರೆ ಘಟ್ಟದ ಕೆಳಗಿನ ಮಂಗಳೂರು 1990ರ ದಶಕದಿಂದ ಮಲೇರಿಯಾಕ್ಕೆ ಹೆಸರಾಗಿತ್ತು. ಅಲ್ಲಿಯೂ ಈಚೆಗೆ ಬಹಳ ಇಳಿದಿದೆ. ದುಡಿಮೆಗಾಗಿ ಘಟ್ಟ ಇಳಿಯುವವರು ಉಂಟು. ಅಸ್ಸಾಮಿನಂತಹ ದೂರದ ಸೀಮೆಗಳಿಂದ ಕಾಫಿ ತೋಟಗಳಿಗೆ ಬರುವವರೂ ಉಂಟು. ಜನ ನಡೆದಲ್ಲಿಗೆ ಜ್ವರವೂ ನಡೆಯುತ್ತದೆ.

ಚಳಿಜ್ವರವು ಪ್ರಬಲವಾಗಿದ್ದ ನಾಡುಗಳಲ್ಲಿಯೇ ಈ ಕೊರತೆ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಕೆಲವು ರಕ್ತದೋಷಗಳು ಮಲೇರಿಯಾದಿಂದ ರಕ್ಷಣೆ ಕೊಡುವುದರಿಂದಲೇ ಉಳಿದು ಬಂದಿರಬೇಕೆಂದು 1949ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಸೂಚಿಸಿದ್ದರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರು. ಅವರ ಉದಾಹರಣೆ ಥಲಸ್ಸೀಮಿಯ. ಅದೇ ತರ್ಕ ಜಿ6ಪಿಡಿ ಕೊರತೆಗೂ ಹೊಂದುತ್ತದೆಂದು 1960ರ ಸುಮಾರಿಗೆ ಇತರರು ತೋರಿಸಿದರು. ಹಿಂದೆ ಕಾಪಾಡಿದ ಗುಣವೇ ಇಂದು ಔಷಧದೆದುರು ದೌರ್ಬಲ್ಯವಾಗಿ ಕಾಣುತ್ತಿದೆ.

ಕೊರತೆಯು ಮನೆತನದಲ್ಲಿ ಇಳಿಯುವ ಬಗೆ

ಜಿ6ಪಿಡಿಯ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಎಕ್ಸ್ ಒಂದೇ. ಅದು ತಾಯಿಯಿಂದ ಬಂದದ್ದು. ಹೆಣ್ಣಿಗೆ ಎರಡು, ಒಂದು ತಾಯಿಯದು, ಒಂದು ತಂದೆಯದು. ಇದರಿಂದ ಮೂರು ನಿಯಮಗಳು ತಾವಾಗಿಯೇ ಹೊರಡುತ್ತವೆ. ಕೊರತೆಯುಳ್ಳ ತಂದೆಯಿಂದ ಗಂಡುಮಕ್ಕಳಿಗೆ ಅದು ಬಾರದು. ಅವನ ಹೆಣ್ಣುಮಕ್ಕಳೆಲ್ಲರೂ ಅದನ್ನು ಹೊರುತ್ತಾರೆ. ಒಂದು ಎಕ್ಸ್‌ನಲ್ಲಿ ದೋಷವನ್ನು ಹೊತ್ತ ತಾಯಿಯ ಗಂಡುಮಕ್ಕಳಲ್ಲಿ ಸರಾಸರಿ ಅರ್ಧದಷ್ಟು ಮಂದಿಗೆ ಕೊರತೆ ಬರುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಒಂದು ಜನಸಮುದಾಯದ ಗಂಡಸರಲ್ಲಿ ನೂರಕ್ಕೆ 5 ಮಂದಿಗೆ ಕೊರತೆಯಿದೆಯೆಂದು ಭಾವಿಸಿ. ಆಗ ದೋಷಯುಕ್ತ ಎಕ್ಸ್‌ಗಳ ಪ್ರಮಾಣ ಇಪ್ಪತ್ತರಲ್ಲಿ ಒಂದು. ಎರಡೂ ಎಕ್ಸ್ ದೋಷಯುಕ್ತವಾಗಿರುವ ಹೆಂಗಸರು 0.05 × 0.05, ಅಂದರೆ ನೂರಕ್ಕೆ 0.25. ಒಂದು ಮಾತ್ರ ದೋಷಯುಕ್ತವಾದವರು 2 × 0.05 × 0.95, ಅಂದರೆ ನೂರಕ್ಕೆ 9.5. ಕೊರತೆಯುಳ್ಳ ಗಂಡಸರ ಸಂಖ್ಯೆಗಿಂತ ಅದನ್ನು ಹೊತ್ತ ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿ! ಈ ಹೆಂಗಸರಲ್ಲಿ ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ.

ನಮ್ಮ ನಾಡಿನಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆ ಹಳೆಯದು. ಮಾವನಿಗೆ ಈ ಕೊರತೆಯಿದೆಯೆಂದುಕೊಳ್ಳಿ. ಹುಡುಗಿಯ ಅಜ್ಜ, ಅಪ್ಪ ಇಬ್ಬರೂ ನಿರ್ದೋಷಿಗಳು. ಅಜ್ಜಿಯ ಒಂದು ಎಕ್ಸ್‌ನಲ್ಲಿ ಮಾತ್ರ ದೋಷ. ಅಕ್ಕನಿಗೆ ಅದು ಬಂದಿರುವ ಸಂಭವ 1/2, ಅಕ್ಕನ ಮಗಳಿಗೆ 1/4, ಆ ಮಗಳಿಂದ ಅವಳ ಮಗುವಿಗೆ 1/8. ಹೊರಗಿನ ಹೆಣ್ಣನ್ನು ತಂದಿದ್ದರೆ ಇದೇ ಸಂಭವ 1/20. ಹೆಣ್ಣುಮಗುವಿಗೆ ತಂದೆಯ ದೋಷಯುಕ್ತ ಎಕ್ಸ್ ಹೇಗೂ ಬರುತ್ತದೆ. ಆದ್ದರಿಂದ ಎಂಟು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಪೂರ್ಣ ಕೊರತೆಯುಂಟಾಗುವ ಸಂಭವವಿದೆ. ಹೆಣ್ಣಿಗೆ ಈ ದೋಷ ತಟ್ಟದೆಂಬ ಮಾತು ಸರಿಯಲ್ಲವೆಂಬುದು ಇದರಿಂದ ವಿದಿತ.

ಒಂದೇ ಎಕ್ಸ್‌ನಲ್ಲಿ ದೋಷವಿದ್ದವಳೂ ಪೂರ್ತಿ ಸುರಕ್ಷಿತಳಲ್ಲ. ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲಿಯೂ ಎರಡು ಎಕ್ಸ್‌ಗಳಲ್ಲೊಂದು ಭ್ರೂಣಾವಸ್ಥೆಯಲ್ಲಿಯೇ ನಿಷ್ಕ್ರಿಯವಾಗುತ್ತದೆಂದು 1961ರಲ್ಲಿ ಮೇರಿ ಲಯನ್ ಎಂಬ ವಿಜ್ಞಾನಿ ಹೇಳಿದರು. ಮರುವರ್ಷವೇ ಅರ್ನೆಸ್ಟ್ ಬಾಯ್ಟ್ಲರ್ ಮತ್ತು ಸಂಗಡಿಗರು ಇಂತಹ ಹೆಂಗಸರ ರಕ್ತದಲ್ಲಿ ಎರಡು ಬಗೆಯ ಕಣಗಳು ಬೆರೆತಿರುವುದನ್ನು ತೋರಿಸಿದರು: ಕೆಲವು ಪೂರ್ಣ ಸಮರ್ಥ, ಕೆಲವು ಪೂರ್ಣ ಅಸಮರ್ಥ. ಬತ್ತದ ರಾಶಿಯಲ್ಲಿ ಗಟ್ಟಿಕಾಳೂ ಜೊಳ್ಳೂ ಬೆರೆತಂತೆ ಇದು. ಜೊಳ್ಳಿನ ಪಾಲು ಒಬ್ಬಳಲ್ಲಿ ಕಾಲುಭಾಗ, ಇನ್ನೊಬ್ಬಳಲ್ಲಿ ಮುಕ್ಕಾಲು ಭಾಗ ಇರಬಹುದು.

ಬಸಿರಿನ ಕಾಲದ ಎಚ್ಚರ

ಕೆಲವು ಆನುವಂಶಿಕ ಚಯಾಪಚಯ ದೋಷಗಳಲ್ಲಿ ಗರ್ಭಿಣಿಯು ದಿನದಿನವೂ ಆಹಾರವನ್ನು ಅಳೆದು ತಿನ್ನಬೇಕಾಗುತ್ತದೆ. ಫೀನೈಲ್‌ಕೀಟೋನ್ಯೂರಿಯ ಎಂಬ ದೋಷವುಳ್ಳ ತಾಯಿ ಗರ್ಭ ನಿಲ್ಲುವ ಮೊದಲಿನಿಂದಲೇ ಕಟ್ಟುನಿಟ್ಟಾದ ಪಥ್ಯ ಹಿಡಿಯದಿದ್ದರೆ, ದೋಷವಿಲ್ಲದ ಶಿಶುವಿನ ಮಿದುಳು ಕೂಡ ಕೆಡುತ್ತದೆ. ಜಿ6ಪಿಡಿ ಕೊರತೆಗೆ ಅಂತಹ ದಿನಚರಿ ಬೇಡ. ಇದನ್ನು ವಾಸಿಮಾಡುವ ಮದ್ದೂ ಇಲ್ಲ, ದಿನವೂ ನುಂಗಬೇಕಾದ ಮದ್ದೂ ಇಲ್ಲ. ಇಲ್ಲಿ ನಿರ್ವಹಣೆಯೆಂದರೆ ಮೂರೇ ಮಾತು: ತಿಳಿದಿರುವುದು, ವರ್ಜಿಸುವುದು, ಕಾಯುವುದು.

ಬಸಿರಿನಲ್ಲಿ ಹೆಂಗಸಿನ ರಕ್ತ ಮೊದಲೇ ತೆಳುವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಇಂತಹ ಬಡ ರಕ್ತದ ಮೇಲೆ ಕಣಗಳೂ ಒಡೆಯತೊಡಗಿದರೆ ತಾಯಿಯ ಹೃದಯಕ್ಕೂ ಶಿಶುವಿನ ಬೆಳವಣಿಗೆಗೂ ಅಪಾಯ. ಆದ್ದರಿಂದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ತಪ್ಪದೆ ಸೇವಿಸಬೇಕು. ಈ ಕೊರತೆಯಿದೆಯೆಂಬ ಭಯದಿಂದ ಅವುಗಳನ್ನು ಬಿಡುವುದು ತಪ್ಪು. ನಿಯಮಿತ ಪ್ರಮಾಣದಲ್ಲಿ ಅವು ನಿರಪಾಯ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲೂ ಹಾಗೆಯೇ.

ವರ್ಜಿಸಬೇಕಾದವು ಬೇರೆ. ಮಲೇರಿಯಾದ ಪ್ರೈಮಾಕ್ವಿನ್ ಮತ್ತು ಟಫೆನೊಕ್ವಿನ್; ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್; ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟೊಯಿನ್; ಮೆಥಿಲೀನ್ ಬ್ಲೂ. ಬಸಿರಿನಲ್ಲಿ ಮೂತ್ರದ ಸೋಂಕು ಸಾಮಾನ್ಯವಾದುದರಿಂದ ಇವುಗಳಲ್ಲಿ ನೈಟ್ರೋಫ್ಯುರಾಂಟೊಯಿನ್ ವಿಶೇಷವಾಗಿ ನೆನಪಿಡಬೇಕಾದುದು. ಸೋಂಕು ತಾನಾಗಿಯೇ ಕಣಗಳನ್ನು ಒಡೆಯಿಸಬಲ್ಲದಾದ್ದರಿಂದ ಅದನ್ನು ಚಿಕಿತ್ಸೆಯಿಲ್ಲದೆ ಬಿಡಲೂ ಆಗದು. ಬೇರೆ ಮದ್ದುಗಳುಂಟು, ವೈದ್ಯರು ಅವುಗಳನ್ನು ಆರಿಸುತ್ತಾರೆ. ಆರಿಸಬೇಕಾದರೆ ಅವರಿಗೆ ಸಂಗತಿ ತಿಳಿದಿರಬೇಕು.

ಈಗ ಚಳಿಜ್ವರದ ವಿಚಾರ. ವೈವ್ಯಾಕ್ಸ್ ಜಾತಿಯ ಮಲೇರಿಯಾಣು ರಕ್ತದಲ್ಲಿ ನಾಶವಾದ ಮೇಲೂ ಪಿತ್ತಜನಕಾಂಗದಲ್ಲಿ ನಿದ್ರಿಸುತ್ತಿದ್ದು, ತಿಂಗಳುಗಳ ಅನಂತರ ಮತ್ತೆ ಏಳುತ್ತದೆ. ನಿದ್ರಿಸುವ ಆ ರೂಪವನ್ನು ಕೊಲ್ಲುವುದು ಪ್ರೈಮಾಕ್ವಿನ್ನಿನ ಕೆಲಸ. ಆದರೆ ಗರ್ಭಿಣಿಗೆ ಅದನ್ನು ಕೊಡಕೂಡದು. ಅವಳ ಕಣಗಳು ನಿರ್ದೋಷವೆಂದು ಪರೀಕ್ಷೆಯಿಂದ ತಿಳಿದಿದ್ದರೂ ಕೊಡಕೂಡದು. ಏಕೆ? ಗರ್ಭದಲ್ಲಿರುವುದು ಇನ್ನೊಬ್ಬರ ರಕ್ತ. ಮಾಸಿನ ಮೂಲಕ ಮದ್ದು ಶಿಶುವನ್ನು ತಲಪುತ್ತದೆ. ಆ ಶಿಶುವಿನ ಕಣಗಳ ಸ್ಥಿತಿ ಯಾರಿಗೂ ಗೊತ್ತಿಲ್ಲ. ಆದುದರಿಂದ ವೈದ್ಯರು ಎರಡು ಹಂತದ ದಾರಿ ಹಿಡಿಯುತ್ತಾರೆ. ಮೊದಲು ಕ್ಲೋರೋಕ್ವಿನ್ನಿನಿಂದ ರಕ್ತದ ಮಲೇರಿಯಾಣುಗಳನ್ನು ನಾಶಮಾಡುವುದು. ಇದು ಗರ್ಭಿಣಿಗೂ ಜಿ6ಪಿಡಿ ಕೊರತೆಯುಳ್ಳವರಿಗೂ ನಿಯಮಿತ ಪ್ರಮಾಣದಲ್ಲಿ ಹೊಂದುತ್ತದೆ. ಬಳಿಕ ಮರುಕಳಿಕೆಯನ್ನು ತಡೆಯಲು ಅದನ್ನೇ ವಾರಕ್ಕೊಮ್ಮೆ ಹೆರಿಗೆಯವರೆಗೆ ಮುಂದುವರಿಸುವುದುಂಟು. ಪ್ರೈಮಾಕ್ವಿನ್ನಿನ ಮಾತು ಹೆರಿಗೆಯ ನಂತರ, ತಾಯಿ ಮತ್ತು ಮೊಲೆಯುಣ್ಣುವ ಕೂಸು ಇಬ್ಬರ ರಕ್ತವನ್ನೂ ಪರೀಕ್ಷಿಸಿದ ಮೇಲೆ. ಜ್ವರವನ್ನೇ ಬಿಡುವಂತಿಲ್ಲವೆಂಬುದನ್ನೂ ಮರೆಯಬಾರದು. ಬಸಿರಿನಲ್ಲಿ ಮಲೇರಿಯಾ ತಾಯಿ ಮಗು ಇಬ್ಬರನ್ನೂ ಕೊಲ್ಲಬಲ್ಲುದು. ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಬೇಕು.

ಅವರೆಕಾಯಿ ತಿನ್ನಬಹುದೇ?

ಈ ಕೊರತೆಗೆ ಆಹಾರದಲ್ಲಿ ಹಗೆಯೆಂದರೆ ಫಾವಾ ಎಂಬ ಕಾಳು. ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳಲ್ಲಿ ಅದನ್ನು ತಿಂದು ರಕ್ತ ಒಡೆಯುವ ರೋಗ ಹಿಂದಿನಿಂದಲೂ ಪ್ರಸಿದ್ಧ. ಅದರಲ್ಲಿರುವ ವೈಸಿನ್, ಕಾನ್‌ವೈಸಿನ್ ಎಂಬ ವಸ್ತುಗಳು ಇದಕ್ಕೆ ಕಾರಣ. ಆ ಕಾಳಿನ ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತರುವಾಗ ಅವರೆ ಎಂದು ಬರೆಯುವುದುಂಟು. ಇದನ್ನೋದಿ, ಅವರೆಯ ಸೊಗಡಿನ ಕಾಲದಲ್ಲಿ ಹಾಸನ ಸೀಮೆಯ ಬಸುರಿಗೆ ಅವರೆಕಾಯಿಯ ಸಾರನ್ನು ನಿಷೇಧಿಸಿದರೆ ಅದು ಅನ್ಯಾಯವೇ ಸರಿ! ನಮ್ಮ ಅವರೆ ಬೇರೆ ಕುಲದ ಸಸ್ಯ. ಅದರಲ್ಲಿ ಆ ವಸ್ತುಗಳಿಲ್ಲ. ತೊಗರಿ, ಹೆಸರು, ಕಡಲೆ, ಹುರುಳಿಗಳಿಗೂ ಈ ದೋಷವಿಲ್ಲ. ಕಾಳುಗಳೇ ಬಡವರ ಮನೆಯ ಸಸಾರಜನಕ. ಹೆಸರಿನ ಗೊಂದಲದಿಂದ ಬಸುರಿಯ ಊಟ ಕಡಿಮೆಯಾಗಬಾರದು. ಬಾಕಳೆ ಎಂಬ ಹೆಸರಿನಿಂದ ಉತ್ತರದ ಕಡೆ ದೊರೆಯುವ ಫಾವಾ ಕಾಳನ್ನಷ್ಟೇ ಬಿಟ್ಟರೆ ಸಾಕು.

ಹೆರಿಗೆಯ ನಂತರದ ವಾರ

ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಅಲ್ಪಸ್ವಲ್ಪ ಕಾಮಾಲೆ ಸಹಜವಾಗಿಯೇ ಬರುತ್ತದೆ. ಒಡೆದ ಕಣಗಳ ಹೀಮೊಗ್ಲೋಬಿನ್ನಿನಿಂದ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹುಟ್ಟುತ್ತದೆ. ಅದನ್ನು ಹೊರಹಾಕಬೇಕಾದ ಪಿತ್ತಜನಕಾಂಗ ಕೂಸಿನಲ್ಲಿ ಇನ್ನೂ ಪಳಗಿರುವುದಿಲ್ಲ. ಜಿ6ಪಿಡಿ ಕೊರತೆಯುಳ್ಳ ಕೂಸಿನಲ್ಲಿ ಈ ಹಳದಿ ಮಿತಿಮೀರಿ ಏರುವ ಸಂಭವ ಹೆಚ್ಚು. ಮಿತಿ ಮೀರಿದ ಬಿಲಿರುಬಿನ್ ಮಿದುಳನ್ನು ಹೊಕ್ಕರೆ ಅದರ ಆಳದ ಕೇಂದ್ರಗಳು ಕೆಡುತ್ತವೆ. ಬದುಕಿ ಉಳಿದರೂ ಮಗು ಕಿವುಡಾಗಬಹುದು, ಕೈಕಾಲುಗಳ ಹಿಡಿತ ತಪ್ಪಬಹುದು. ಆದ ಹಾನಿಗೆ ಪರಿಹಾರವಿಲ್ಲ. ಆಗದಂತೆ ತಡೆಯುವುದಕ್ಕೋ ಬಹಳ ಸುಲಭವಾದ ಸಾಧನವಿದೆ: ಬೆಳಕು.

ಅದು ಸಿಕ್ಕ ಬಗೆ ಸ್ವಾರಸ್ಯವಾದುದು. ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1956ರಲ್ಲಿ ಜೀನ್ ವಾರ್ಡ್ ಎಂಬ ದಾದಿ ಎಳೆಗೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿದ್ದು ಉಳಿದ ಮೈ ತಿಳಿಯಾಗಿರುವುದನ್ನು ಅವರು ವೈದ್ಯರಿಗೆ ತೋರಿಸಿದರು. ಆ ಸೂಕ್ಷ್ಮ ನೋಟದಿಂದ 1958ರಲ್ಲಿ ಕ್ರೀಮರ್ ಮತ್ತು ಸಂಗಡಿಗರ ಬೆಳಕಿನ ಚಿಕಿತ್ಸೆ ಹುಟ್ಟಿತು. ನೀಲಿ ಬೆಳಕು ಬಿಲಿರುಬಿನ್ನಿನ ಅಣುವಿನ ಆಕಾರವನ್ನು ಬದಲಿಸುತ್ತದೆ. ಆಗ ಅದು ನೀರಿನಲ್ಲಿ ಕರಗಿ ಸುಲಭವಾಗಿ ಹೊರಬೀಳುತ್ತದೆ. ಹಾಗೆಂದು ಮನೆಯ ಕಿಟಕಿಯ ಬಿಸಿಲೇ ಸಾಕೆಂದು ತಿಳಿಯಬಾರದು. ಬೇಕಾದ ಬೆಳಕಿನ ಅಳತೆಯೂ, ಹಳದಿಯ ಅಳತೆಯೂ ಆಸ್ಪತ್ರೆಯಲ್ಲಿಯೇ ಸಾಧ್ಯ. ಅದೂ ಸಾಲದಾದರೆ ಕೂಸಿನ ರಕ್ತವನ್ನು ಬದಲಿಸುತ್ತಾರೆ.

ತೊಡಕು ಇರುವುದು ಕಾಲದಲ್ಲಿ. ಸುಖಪ್ರಸವವಾದ ತಾಯಿ ಸುಮಾರು 48 ಗಂಟೆಗಳ ಬಳಿಕ ಮನೆಗೆ ಹೊರಡುತ್ತಾಳೆ. ಹಳದಿ ಶಿಖರಕ್ಕೇರುವುದು ಮೂರನೆಯ ದಿನದಿಂದ ಐದನೆಯ ದಿನದವರೆಗೆ. ಆಗ ಕೂಸು ಗುಡ್ಡದ ನಡುವಿನ ಒಂಟಿಮನೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಇರುತ್ತದೆ. ಗಾಳಿ ತಾಗದಿರಲೆಂದು ಕಿಟಕಿ ಮುಚ್ಚಿದೆ, ಹೊರಗೆ ಮೋಡ, ಒಳಗೆ ಅಗ್ಗಿಷ್ಟಿಕೆಯ ಹೊಗೆ, ಅರಿಸಿನ ಬಣ್ಣದ ದೀಪ. ಆ ಮಸಕಿನಲ್ಲಿ ಹಳದಿಯನ್ನು ಯಾರು ಗುರುತಿಸಬೇಕು? ಆದುದರಿಂದ ಮೊದಲ ವಾರದಲ್ಲಿ ದಿನಕ್ಕೆರಡು ಬಾರಿ ಕೂಸನ್ನು ಹಗಲ ಬೆಳಕಿಗೆ ತಂದು ನೋಡಬೇಕು. ಹಣೆ, ಎದೆ, ತೊಡೆಗಳ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಕೆಳಗಿನ ಬಣ್ಣ ಕಾಣುತ್ತದೆ. ಹಳದಿಯು ಮುಖದಿಂದ ಕೆಳಮುಖವಾಗಿ ಇಳಿಯುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಕೂಸು ಹಾಲು ಬಿಟ್ಟರೆ, ಮಂಕಾದರೆ, ಚೀರುದನಿಯಲ್ಲಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಾಗಿದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಹೆರಿಗೆಯಾಗಿ ಮನೆಗೆ ಬಂದವರನ್ನು ಆಶಾ ಕಾರ್ಯಕರ್ತೆ ಕಾಣಬೇಕಾದ ಮೊದಲ ದಿನವೂ ಮೂರನೆಯದೇ. ಅನಂತರ 7, 14, 21, 28 ಮತ್ತು 42ನೆಯ ದಿನ. ಮಳೆಯ ನೆಪದಿಂದ ಆ ಮೂರನೆಯ ದಿನ ತಪ್ಪಬಾರದು. ಘಟ್ಟದ ಮಳೆಯಲ್ಲಿ ಗುಡ್ಡ ಜರಿದು ದಾರಿ ಕಟ್ಟುವುದುಂಟು. ಇಂತಹ ಮನೆಯ ಬಸುರಿ ದಿನ ತುಂಬುವ ಮೊದಲೇ ಸಕಲೇಶಪುರಕ್ಕೋ ಹಾಸನಕ್ಕೋ ಹತ್ತಿರವಾದ ನೆಂಟರ ಮನೆ ಸೇರಿ, ಹೆರಿಗೆಯಾದ ಮೇಲೂ ಒಂದು ವಾರ ಅಲ್ಲಿಯೇ ಉಳಿಯುವುದು ಜಾಣತನ.

ಮತ್ತೆ ನುಸಿಗುಳಿಗೆಯ ಮಾತಿಗೆ ಬರೋಣ. ನ್ಯಾಫ್ತಲೀನ್ ಆವಿಯಾಗಿ ಉಸಿರಿನೊಡನೆ ಒಳಹೋಗುತ್ತದೆ. ಚರ್ಮದ ಮೂಲಕವೂ ಹೋಗುತ್ತದೆ. ಅದು ಎಣ್ಣೆಯಲ್ಲಿ ಕರಗುವ ವಸ್ತುವಾದುದರಿಂದ ಎಣ್ಣೆ ಹಚ್ಚಿದ ಎಳೆಯ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತದೆ. ಒಮ್ಮೆ ಒಗೆದ ಮಾತ್ರಕ್ಕೆ ಬಟ್ಟೆಯಿಂದ ಅದು ಪೂರ್ತಿ ಹೋಗದು. ಆದ್ದರಿಂದ ಕೂಸಿನ ಬಟ್ಟೆಯನ್ನು ಅದರೊಡನೆ ಇಡದಿರುವುದೇ ಕ್ಷೇಮ. ಬೇವಿನ ಎಲೆ, ಲಾವಂಚದ ಬೇರುಗಳು ಹಿಂದೆಯೂ ಇದ್ದವು, ಇಂದೂ ಇವೆ. ಕೂಸಿನ ಮೈಗೆ ಮದರಂಗಿ ಹಚ್ಚುವುದೂ ಸಲ್ಲದು. ಅದರ ಬಣ್ಣದ ದ್ರವ್ಯವೂ ಇಂತಹ ಕಣಗಳನ್ನು ಒಡೆಯಬಲ್ಲುದು. ತಾಯಿಯ ಹಾಲನ್ನು ಮಾತ್ರ ಎಂದೂ ನಿಲ್ಲಿಸಬಾರದು. ತಾಯಿ ತಾನು ವರ್ಜ್ಯ ಔಷಧಗಳನ್ನು ಸೇವಿಸದಿದ್ದರೆ ಸಾಕು.

ಪರೀಕ್ಷೆಯೂ ಚೀಟಿಯೂ

ಕೊರತೆಯನ್ನು ಗುರುತಿಸುವ ಸರಳ ಪರೀಕ್ಷೆಯಲ್ಲಿ ಒಂದು ತೊಟ್ಟು ರಕ್ತವನ್ನು ತಕ್ಕ ದ್ರವ್ಯಗಳೊಡನೆ ಬೆರೆಸಿ ಕಾಗದದ ಮೇಲಿಟ್ಟು ಅತಿನೇರಳೆ ಬೆಳಕಿನಲ್ಲಿ ನೋಡುತ್ತಾರೆ. ಕಿಣ್ವವಿದ್ದರೆ ಎನ್.ಎ.ಡಿ.ಪಿ.ಎಚ್. ಹುಟ್ಟಿ ಚುಕ್ಕೆ ಹೊಳೆಯುತ್ತದೆ, ಇಲ್ಲದಿದ್ದರೆ ಕಪ್ಪಾಗಿರುತ್ತದೆ. ಇದಕ್ಕೆ ಎರಡು ಮಿತಿಗಳುಂಟು. ಬೆರಕೆ ರಕ್ತದ ಹೆಂಗಸರಲ್ಲಿ ಸಮರ್ಥ ಕಣಗಳೇ ಹೊಳೆದು ಕೊರತೆಯನ್ನು ಮರೆಮಾಡಬಹುದು. ಅವರಿಗೆ ಕಿಣ್ವದ ಪ್ರಮಾಣವನ್ನು ಅಳೆಯುವ ಪರೀಕ್ಷೆಯೇ ಬೇಕು. ಕಣಗಳು ಒಡೆದ ಕೂಡಲೆ ಪರೀಕ್ಷಿಸಿದರೂ ಮೋಸವಾಗಬಹುದು. ಕಿಣ್ವ ಸವೆದ ಹಳೆಯ ಕಣಗಳು ಆಗಲೇ ನಾಶವಾಗಿ, ಕಿಣ್ವ ಹೆಚ್ಚಿರುವ ಎಳೆಯವು ಮಾತ್ರ ಉಳಿದಿರುತ್ತವೆ. ಸಂಶಯವಿದ್ದರೆ ಸುಮಾರು ಮೂರು ತಿಂಗಳ ಬಳಿಕ ಮತ್ತೆ ನೋಡಬೇಕು. ಗಂಡಸರಲ್ಲಿ ನೂರಕ್ಕೆ 3ರಿಂದ 5 ಮಂದಿಗೆ ಈ ಕೊರತೆಯಿರುವ ಜನಸಮುದಾಯಗಳಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಪರೀಕ್ಷಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ 1989ರಲ್ಲಿಯೇ ಸೂಚಿಸಿತ್ತು.

ಪರೀಕ್ಷೆಗೆ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಕಾಸು ಬೇಡ. ಅದು ವಿಚಾರಣೆ. ಬಸುರಿಯ ಅಣ್ಣತಮ್ಮಂದಿರಲ್ಲಿ, ಸೋದರಮಾವಂದಿರಲ್ಲಿ, ತಂದೆಯಲ್ಲಿ ಯಾರಿಗಾದರೂ ಮಲೇರಿಯಾ ಗುಳಿಗೆಯ ನಂತರ ಮೂತ್ರ ಕಪ್ಪಾಗಿತ್ತೇ? ಹಿಂದಿನ ಹೆರಿಗೆಯ ಕೂಸನ್ನು ನೀಲಿ ದೀಪದ ಕೆಳಗೆ ಇಟ್ಟಿದ್ದರೇ? ಮನೆತನದಲ್ಲಿ ಗಂಡುಕೂಸು ಹಳದಿಯಾಗಿ ತೀರಿಕೊಂಡದ್ದುಂಟೇ? ಇವುಗಳಿಗೆ ಉತ್ತರವನ್ನು ಬಲ್ಲವರು ಮನೆಯ ಅಜ್ಜಿಯರು. ಅವರ ನೆನಪನ್ನು ಕೇಳಿ ಬರೆದುಕೊಂಡು ತಾಯಿಯ ಕಾರ್ಡಿನೊಡನೆ ವೈದ್ಯರಿಗೆ ತೋರಿಸುವ ಕೆಲಸವನ್ನು ಓದುಬರಹ ಬಲ್ಲ ತಮ್ಮನೋ ತಂಗಿಯೋ ಮಾಡಬಹುದು. ಕೊರತೆಯಿದೆಯೆಂದು ಖಚಿತವಾದವರು ವರ್ಜ್ಯ ಔಷಧಗಳ ಚೀಟಿಯೊಂದನ್ನು ಸದಾ ಬಳಿಯಲ್ಲಿಟ್ಟುಕೊಳ್ಳಬೇಕು.

ಈ ಕೊರತೆ ಯಾರ ತಪ್ಪೂ ಅಲ್ಲ. ಅದನ್ನು ಮಗನಿಗೆ ಕೊಟ್ಟಳೆಂದು ತಾಯಿಯನ್ನು ದೂರುವುದು ಅವಿವೇಕ. ಅವಳಿಗೆ ಅದು ತಂದೆಯಿಂದ ಬಂದಿರಬಹುದು, ಅವನಿಗೆ ಅವನ ತಾಯಿಯಿಂದ, ಹೀಗೆ ಚಳಿಜ್ವರದೊಡನೆ ಹೋರಾಡಿ ಉಳಿದ ಹಳೆಯ ತಲೆಮಾರುಗಳಿಂದ. ಅವರಿಗೆ ಅದರ ಹೆಸರು ಗೊತ್ತಿರಲಿಲ್ಲ, ನಮಗೆ ಗೊತ್ತಿದೆ. ಮುಂದಿನ ಮಳೆಗಾಲಕ್ಕೆ ಹೆರಿಗೆಯಿರುವ ಮನೆಯಲ್ಲಿ ಬಟ್ಟೆಯ ಪೆಟ್ಟಿಗೆಯನ್ನು ಈಗಲೇ ತೆರೆದು, ಗುಳಿಗೆಗಳನ್ನು ತೆಗೆದುಹಾಕಿ, ಕೂಸಿಗಾಗಿ ಬೇರೆ ಬಟ್ಟೆಯನ್ನು ಒಗೆದು ಒಣಗಿಸಿಡಬಹುದು. ಆ ಕೆಲಸ ಚಿಕ್ಕದು. ಅದರ ಫಲ ಒಂದು ಮಗುವಿನ ಇಡೀ ಬಾಳು.